ಕಂಪ್ಯೂಟರ್ ಏಳದ ನಾಲ್ಕು ಗಂಟೆ

ಮೊಟ್ಟೆಗೆ ಕಾವು ಕೊಟ್ಟು ಕೋಳಿಮರಿ ಮಾಡಿಸುವ ಶೆಡ್ಡಿನಲ್ಲಿ ಅಕ್ಕನದು ಹನ್ನೊಂದು ವರ್ಷದ ಕೆಲಸ. ಅಲ್ಲಿ ಬೀರುವಿನಷ್ಟು ಎತ್ತರದ ನಾಲ್ಕು ಕಾವುಪೆಟ್ಟಿಗೆಗಳಿದ್ದವು. ಅರ್ಧ ಗಂಟೆಗೊಮ್ಮೆ ಅವುಗಳ ಗಾಜಿನ ಕಿಂಡಿಯಲ್ಲಿ ಇಣುಕಿ, ಒಳಗಿನ ಶಾಖ ನೋಡಿ, ಪುಸ್ತಕದಲ್ಲಿ ಬರೆಯಬೇಕು. ಬರೆಯುವುದು ನೆಪಕ್ಕೆ, ಶಾಖ ಕೂದಲೆಳೆಯಷ್ಟು ಹೆಚ್ಚಾದರೂ ಬಾಗಿಲಲ್ಲೇ ಅವಳ ಮೂಗಿಗೆ ತಿಳಿಯುತ್ತಿತ್ತು.

ತಮ್ಮನಿಗೆ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿಯ ಗೂಡಂಗಡಿ. ಓದು ಅರ್ಧಕ್ಕೇ ನಿಂತಿದ್ದರೂ ಓಣಿಯವರೆಲ್ಲ ಅವನನ್ನು ‘ಇಂಜಿನಿಯರ್’ ಎಂದೇ ಕರೆಯುತ್ತಿದ್ದರು, ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ. ಅಕ್ಕ ಮಾತ್ರ ಪೂರ್ತಿ ನಿಜವೆಂದೇ ನಂಬಿದ್ದಳು. ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳು. ಮದುವೆಯ ವಯಸ್ಸು ಅದರಲ್ಲೇ ಸವೆದುಹೋಗಿ, ಈಗ ಅವನ ಮನೆಯ ಹಿಂದಿನ ಕೋಣೆಯಲ್ಲೇ ಇದ್ದಳು. ಹಾಗಾಗಿ ಶಾಖ ನೋಡಲು ಕಂಪ್ಯೂಟರ್ ಹಾಕಿಸಬೇಕೆಂದು ಶೆಡ್ಡಿನ ಯಜಮಾನರು ಹೇಳಿದಾಗ, ಯಾರೂ ಕೇಳದಿದ್ದರೂ ತಾನೇ ಮುಂದೆ ಬಂದು, “ನನ್ನ ತಮ್ಮ ಇದ್ದಾನಲ್ಲ, ಬೇರೆಯವರು ಯಾಕೆ?” ಎಂದಳು.

ತಮ್ಮ ಒಂದು ಹಳೆಯ ಲ್ಯಾಪ್‌ಟಾಪ್ ತಂದು ಆಫೀಸು ಕೋಣೆಯ ಮೇಜಿನ ಮೇಲಿಟ್ಟ. ಅಲ್ಲಿಂದ ನಾಲ್ಕೂ ಪೆಟ್ಟಿಗೆಗಳಿಗೆ ವೈರು ಎಳೆದ, ಗೋಡೆಗೆ ದೊಡ್ಡ ಗಂಟೆ ಕೂರಿಸಿದ. ಆದರೆ ಮರಿಗಳ ತುಪ್ಪುಳ ಎಲ್ಲೆಲ್ಲೂ ಹಾರುವ ಜಾಗ ಅದು. ಲ್ಯಾಪ್‌ಟಾಪ್ ದಿನವಿಡೀ ಓಡಿದರೆ ತುಪ್ಪುಳ ಒಳಗೆ ಕಟ್ಟಿಕೊಂಡು ಬಿಸಿಯಾಗಿ ತಾನಾಗಿ ಆರಿಹೋಗುತ್ತಿತ್ತು. ಅದಕ್ಕೇ ಅವನು ಅದನ್ನು ಮಲಗಿಸುವ ಉಪಾಯ ಮಾಡಿದ.

“ಇದು ನಿದ್ದೆ ಮಾಡುತ್ತೆ ಅಕ್ಕ. ಅರ್ಧ ಗಂಟೆಗೊಂದು ಸಲ ತಾನೇ ಏಳುತ್ತೆ, ಪೆಟ್ಟಿಗೆಗಳ ಶಾಖ ನೋಡುತ್ತೆ, ಸರಿ ಇದ್ರೆ ಮತ್ತೆ ಮಲಗುತ್ತೆ. ಹೆಚ್ಚುಕಮ್ಮಿ ಆಗಿದ್ರೆ ಗಂಟೆ ಹೊಡೆಯುತ್ತೆ.”

“ಯಾರೂ ಎಬ್ಬಿಸದೆ ಏಳುತ್ತಾ? ನಿನ್ನನ್ನ ಸ್ಕೂಲಿಗೆ ಎಬ್ಬಿಸೋಕೆ ನಾನು ತಂಬಿಗೆ ನೀರು ಸುರೀಬೇಕಿತ್ತು ಕಣೋ,” ಎಂದಳು ಅಕ್ಕ. ಯಜಮಾನರೂ ನಕ್ಕರು.

ನಗುತ್ತಲೇ ಪುಸ್ತಕವನ್ನು ತೆಗೆದು ಕಪಾಟಿನಲ್ಲಿಟ್ಟರು. “ಇನ್ನು ನೀನು ಪೆಟ್ಟಿಗೆ ಕಾಯೋದು ಬೇಡಮ್ಮ. ಹಿಂದಿನ ಕೋಣೆಯಲ್ಲಿ ಮೊಟ್ಟೆಯ ಟ್ರೇ ತೊಳಿ. ಸುಮ್ಮಸುಮ್ಮನೆ ಶೆಡ್ಡಿನ ಬಾಗಿಲು ತೆಗೆದು ಶಾಖ ಹೊರಗೆ ಬಿಡಬೇಡ. ಗಂಟೆ ಹೊಡೆದ್ರೆ ಓಡಿ ಬಾ.”

ಅಕ್ಕ ತಮ್ಮನ ಮುಖ ನೋಡಿದಳು. “ಹೊಡೆಯುತ್ತೆ ಅಕ್ಕ, ಭಯ ಬೇಡ,” ಎಂದ ಅವನು.

ನಾಲ್ಕು ತಿಂಗಳು ಎಲ್ಲ ಸುಸೂತ್ರವಾಗಿ ನಡೆಯಿತು. ನಡುವೆ ಕರೆಂಟು ಹೋಗುವುದು ಬರುವುದು ಇದ್ದೇ ಇತ್ತು. ಆದರೆ ಹೋದದ್ದು ಐದು ಹತ್ತು ನಿಮಿಷದಲ್ಲಿ ಬಂದುಬಿಡುತ್ತಿತ್ತು.

ಆ ದಿನ ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ ಹೋದ ಕರೆಂಟು ಎರಡೂವರೆಯವರೆಗೆ ಬರಲಿಲ್ಲ. ಜನರೇಟರ್ ತಾನಾಗಿ ಶುರುವಾಯಿತು. ಪೆಟ್ಟಿಗೆಗಳೂ ಮತ್ತೆ ಓಡತೊಡಗಿದವು. ಆದರೆ ಮೂರನೆಯದರ ಫ್ಯಾನು ಮಾತ್ರ ತಿರುಗಲಿಲ್ಲ. ಅದರೊಳಗೆ ಆರು ಸಾವಿರ ಮರಿಗಳು, ಕೆಲವು ಚಿಪ್ಪು ಒಡೆದು ಬಂದಿದ್ದವು, ಕೆಲವು ಒಡೆಯುತ್ತಿದ್ದವು. ಗಾಳಿಯಾಡದೆ ಅವುಗಳ ಮೈಬಿಸಿಯೇ ಅವಕ್ಕೆ ಮುಳುವಾಯಿತು. ಅಕ್ಕ ಹಿಂದಿನ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಟ್ರೇ ತೊಳೆಯುತ್ತಿದ್ದಳು. ಎರಡೂವರೆಗೆ ಗಂಟೆ ಹೊಡೆದಾಗ ಒದ್ದೆ ಕೈಯಲ್ಲೇ ಓಡಿದಳು. ಬಾಗಿಲು ತೆರೆಯುವ ಮೊದಲೇ ಮೂಗಿಗೆ ತಿಳಿಯಿತು.

ಯಜಮಾನರು ಫೋನು ಮಾಡಿ ಕರೆಸಿದಾಗ ತಮ್ಮ ಬಂದ. ಅಕ್ಕ ನೆಲದ ಮೇಲೆ ಕೂತು ಸತ್ತ ಮರಿಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಬೊಗಸೆ ಬೊಗಸೆಯಾಗಿ, ಅವಕ್ಕೆ ಇನ್ನೂ ಜೀವವಿದ್ದು ನೋವಾದೀತೆಂಬಂತೆ, ಮೆಲ್ಲಗೆ. ಅವನತ್ತ ತಲೆಯೆತ್ತಲಿಲ್ಲ.

ಅವನು ಲ್ಯಾಪ್‌ಟಾಪ್ ತೆರೆದು ಅದು ಬರೆದಿಟ್ಟುಕೊಂಡ ಪಟ್ಟಿ ನೋಡಿದ. ಹತ್ತು. ಹತ್ತೂವರೆ. ಅದರ ಕೆಳಗಿನ ಸಾಲು ನೇರವಾಗಿ ಎರಡೂವರೆ. ನಡುವೆ ಏನೂ ಇರಲಿಲ್ಲ. ಸೆಟ್ಟಿಂಗ್ ತೆರೆದ. ತಾನೇ ಏಳಲು ಅಪ್ಪಣೆ ಕೊಡುವ ಜಾಗದಲ್ಲಿ ಎರಡು ಸಾಲುಗಳಿದ್ದವು. ಕರೆಂಟಿನಲ್ಲಿದ್ದಾಗ: ಹೌದು. ಬ್ಯಾಟರಿಯಲ್ಲಿದ್ದಾಗ: ಇಲ್ಲ. ಇದನ್ನು ಹಾಕಿದ ದಿನ ಅವನು ಮೊದಲನೆಯ ಸಾಲನ್ನಷ್ಟೇ ನೋಡಿದ್ದ. ಆಫೀಸು ಕೋಣೆಯ ಪ್ಲಗ್ಗಿಗೆ ಜನರೇಟರಿನ ಲೈನು ಇದೆಯೋ ಇಲ್ಲವೋ ಎಂದು ಕೂಡ ಕೇಳಿರಲಿಲ್ಲ. ಆ ಲೈನು ಇರಲೇ ಇಲ್ಲ. ಕರೆಂಟು ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದಿತ್ತು, ಅಪ್ಪಣೆಯಿಲ್ಲದೆ ಮಲಗಿಯೇ ಇತ್ತು, ಕರೆಂಟು ಬಂದ ಮೇಲೆಯೇ ಎದ್ದಿತ್ತು.

ಹಿಂದೆ ಹೆಜ್ಜೆ ಸಪ್ಪಳವಾಯಿತು. ಅವನ ಬೆರಳು ತಾನಾಗಿ ಅಲುಗಿ, ‘ಇಲ್ಲ’ ಇದ್ದಲ್ಲಿ ‘ಹೌದು’ ಒತ್ತಿ, ಪಟ್ಟಿಯನ್ನು ಮುಚ್ಚಿತು.

“ಮೆಷೀನು ಸರಿಯಿದೆಯೇನಪ್ಪ?” ಎಂದರು ಯಜಮಾನರು.

“ಸರಿಯಿದೆ ಸಾರ್.”

“ಗಂಟೆ ಹೊಡೀತಾ?”

“ಹೊಡೆದಿದೆ ಸಾರ್.”

ಒಂದಕ್ಷರವೂ ಸುಳ್ಳಲ್ಲ. ಯಜಮಾನರು ಅಕ್ಕನ ಕಡೆ ತಿರುಗಿದರು. “ಹಾಗಾದ್ರೆ ಎಲ್ಲಿ ಬಿದ್ದಿದ್ದೆ ನೀನು?”

“ಗಂಟೆ ಕೇಳಿದ ತಕ್ಷಣ ಬಂದೆ ಸಾರ್. ಅದಕ್ಕಿಂತ ಮುಂಚೆ ಹೊಡೆದಿಲ್ಲ,” ಎಂದಳು ಅಕ್ಕ. ಮತ್ತೆ ತಮ್ಮನ ಮುಖ ನೋಡಿದಳು. ಅವನು ವೈರು ಸುತ್ತುತ್ತಿದ್ದ.

ಮಾರನೆಯ ದಿನದಿಂದ ಕೆಲಸಕ್ಕೆ ಬರುವುದು ಬೇಡವೆಂದು ಅವಳಿಗೆ ಹೇಳಿದರು. ನಲ್ಲಿಯ ಸದ್ದಿನಲ್ಲಿ ಗಂಟೆ ಕೇಳಿರಲಿಕ್ಕಿಲ್ಲ, ವಯಸ್ಸಾಯಿತಲ್ಲ, ಎಂದು ಶೆಡ್ಡಿನಲ್ಲಿ ಮಾತಾಯಿತು. ಮನೆಯಲ್ಲಿ ತಮ್ಮನ ಹೆಂಡತಿ, “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗಾಯ್ತು. ಫ್ಯಾನು ಕೆಟ್ರೆ ಅತ್ತಿಗೆ ಏನು ಮಾಡ್ತಾರೆ?” ಎಂದು ಅವನ ಮುಂದೆ ತಟ್ಟೆ ಇಟ್ಟಳು. ಅಕ್ಕ ದಿನವೂ ಎಂದಿನ ಹೊತ್ತಿಗೆ ಎದ್ದು, ಸೀರೆ ಉಟ್ಟು, ಹೋಗಲು ಜಾಗವಿಲ್ಲದೆ ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದು ಒಂದು ದಿನ ಕೇಳಿದಳು. ತನ್ನ ಕಿವಿಯ ಮೇಲೆ ಅವಳಿಗೇ ಅನುಮಾನ ಬಂದಿತ್ತು.

ಅದನ್ನು ಅವನಿಂದ ತಡೆಯಲಾಗಲಿಲ್ಲ. ಒಂಬತ್ತನೆಯ ದಿನ ಯಜಮಾನರ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವರು ಕನ್ನಡಕ ಒರೆಸುತ್ತಾ ಕೇಳಿಸಿಕೊಂಡರು.

“ಈಗ ಸರಿ ಮಾಡಿದ್ದೀಯಾ?”

“ಮಾಡಿದ್ದೀನಿ ಸಾರ್. ಅಕ್ಕನ್ನ ವಾಪಸ್ ಕರೀರಿ. ತಪ್ಪು ನಂದು.”

“ಈಗ ಕರೆದ್ರೆ ನಾನೇ ತಪ್ಪು ಮಾಡಿದ ಹಾಗಾಗುತ್ತೆ. ಅವಳು ಹೋದ ಮೇಲೆ ಉಳಿದವರು ಸ್ವಲ್ಪ ಹೆದರಿಕೊಂಡು ಕೆಲಸ ಮಾಡ್ತಿದ್ದಾರೆ. ಆಗಿದ್ದು ಆಗಿಹೋಯ್ತು, ಬಿಡು.” ಕನ್ನಡಕ ಹಾಕಿಕೊಂಡರು. “ಎರಡನೇ ಶೆಡ್ಡಿಗೂ ಒಂದು ಹಾಕಿಕೊಡು.”

ಅವನು ಸಂಜೆ ಮನೆಗೆ ಬಂದು ಅಕ್ಕನಿಗೆ ಹೇಳಿದ. ಅವಳು ಬಟ್ಟೆ ಮಡಚುತ್ತಿದ್ದಳು. ಪೂರ್ತಿ ಕೇಳಿ, ಒಂದೇ ಪ್ರಶ್ನೆ ಕೇಳಿದಳು.

“ನಿನಗೆ ಯಾವಾಗ ಗೊತ್ತಾಯ್ತು?”

“ಅವತ್ತೇ.”

“ನಾನು ಅಲ್ಲೇ ಕೂತಿದ್ದಾಗಲೇ?”

“ಹೂಂ.”

ಅವಳು ಮಡಚಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚಿದಳು. ಮರುದಿನ ಬೆಳಿಗ್ಗೆ ಅವನು ಸ್ನಾನ ಮುಗಿಸಿ ಬಂದಾಗ, ಅಡುಗೆಮನೆಯಿಂದ ಅವಳ ದನಿ ಕೇಳಿತು: “ತಿಂಡಿ ಆರಿಹೋಗುತ್ತೆ, ಬನ್ನಿ.” ಮನೆಗೆ ಯಾರೋ ಬಂದಿರಬೇಕೆಂದು ಅವನು ಜಗುಲಿಯ ಕಡೆ ನೋಡಿದ. ಯಾರೂ ಇರಲಿಲ್ಲ. ಆಮೇಲೆ ಅವಳ ಬಾಯಲ್ಲಿ ಅವನಿಗೆ ಏಕವಚನ ಬರಲೇ ಇಲ್ಲ. ‘ಕಣೋ’ ಎಂಬುದು ಸತ್ತೇಹೋಯಿತು. ಒಮ್ಮೆ ಅವನು, “ಬೈದುಬಿಡು ಅಕ್ಕ, ಹೀಗೆ ಮಾತ್ರ ಕರೀಬೇಡ,” ಎಂದು ಕೈ ಹಿಡಿದುಕೊಂಡ. “ಕೈ ಬಿಡಿ, ಒಲೆ ಮೇಲೆ ಹಾಲಿದೆ,” ಎಂದಳು.

ಮುಂದಿನ ತಿಂಗಳು ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಕೆಲಸ ಹುಡುಕಿಕೊಂಡಳು. ಅಲ್ಲೇ ಹಿಂದುಗಡೆ ಕೆಲಸದ ಹೆಂಗಸರಿಗೆ ಕೊಟ್ಟ ಕೋಣೆಗಳಲ್ಲಿ ಒಂದು ಮಂಚ ಸಿಕ್ಕಿತು. ತಮ್ಮ ಅವಳ ಟ್ರಂಕನ್ನು ಹೆಗಲ ಮೇಲೆ ಹೊತ್ತು ಹೋದ. ಎರಡು ಮಹಡಿ ಹತ್ತುವಷ್ಟರಲ್ಲಿ ಉಸಿರು ಕಟ್ಟಿತು. ಒಳಗೆ ತಂದಿಡುತ್ತೇನೆ ಎಂದ.

“ಬೇಡ. ಇಲ್ಲೇ ಇಡಿ, ಸಾಕು,” ಎಂದು ಅಕ್ಕ ಬಾಗಿಲಲ್ಲೇ ಟ್ರಂಕಿನ ಹಿಡಿ ಹಿಡಿದುಕೊಂಡಳು.