ಹನುಮಪ್ಪ ಮಾಡದ ಹಲಗಿ

"ಏ ಬಾಡ್ಯಾ, ಡಬ್ಬಿ ಮುಟ್ಟಬ್ಯಾಡ! ಪರದೇಶದ ಮಂದಿ ಕೈಯಾಗ ಹಿಡಿಯೂ ಮಾಲ ಐತಿ ಅದು."

ಸಾಹುಕಾರ ಗದರಿದ್ದೇ ಹನುಮಪ್ಪ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಬೈಲಹೊಂಗಲದ ನಿಜಗುಣಪ್ಪ ಸಾಹುಕಾರನ ಗೋದಾಮಿನಲ್ಲಿ ರಟ್ಟಿನ ಡಬ್ಬಿಗಳು ಮಾಳಿಗೆ ಮುಟ್ಟಿದ್ದವು. ವರ್ಲ್ಡ್ ಕಪ್ ಕ್ರಿಕೆಟ್ ನಮ್ಮ ದೇಶದಲ್ಲೇ ನಡೆಯುತ್ತದೆಂದು ಗೊತ್ತಾದಾಗಿನಿಂದ ಸಾಹುಕಾರನಿಗೆ ದೇಶಿ ಮಾಲಿನ ಹುಚ್ಚು ಹಿಡಿದಿತ್ತು. ಮ್ಯಾಚು ನೋಡಲು ಬಂದವರು ಹಲಗಿ ವಾದ್ಯ ಕೊಂಡೊಯ್ಯುತ್ತಾರೆ, ಆಮೇಲೆ ಅವರ ದೇಶಗಳಿಂದ ಹಡಗುಗಟ್ಟಲೆ ಬೇಡಿಕೆ ಬರುತ್ತದೆ, ಚಚಡಿಯ ಹನುಮಪ್ಪನ ಕೈಕೆಲಸ ಲೋಕವೆಲ್ಲ ಸುತ್ತುತ್ತದೆ ಎಂದು ಅವನ ಕೇರಿಗೇ ಬಂದು ಹೇಳಿದ್ದ. ಬಂದನೆಂದರೆ ಕಾರಿನಿಂದ ಇಳಿದನೆಂದಲ್ಲ. ಗಾಜನ್ನು ನಾಲ್ಕು ಬೆರಳು ಇಳಿಸಿದ್ದ, ಅಷ್ಟೇ.

ಆ ಸಂದಿಯಿಂದ ಬಂದ ಮಾತು ನಂಬಿ ಹನುಮಪ್ಪ ಮೂರು ತಿಂಗಳು ಚರ್ಮ ಹದ ಮಾಡಿದ್ದ, ಹುಣಸೆ ಬೀಜದ ಅಂಟು ಕುದಿಸಿದ್ದ, ನಲವತ್ತು ಹಲಗಿ ಬಿಗಿದಿದ್ದ. ಇಂದು ಟಂಟಂನಲ್ಲಿ ಹೇರಿಕೊಂಡು ಬಂದರೆ ಸಾಹುಕಾರ ಅವುಗಳತ್ತ ಕಣ್ಣೂ ಹಾಯಿಸಲಿಲ್ಲ.

"ಥೂ, ಸತ್ತ ಎಮ್ಮಿ ವಾಸನಿ. ತಿರುಗಿ ಒಯ್ಯಿ."

"ನನ್ನ ಹಲಗೀನ ಬೇಕಂತ ನೀವ ಹೇಳಿದ್ರೆಲ್ರೀ ಯಪ್ಪಾ."

"ನಿನ್ನ ಹೆಸರ ಬೇಕಾಗಿತ್ತಲೇ. ಹಲಗಿ ಚೀನಾದಿಂದ ಬಂದಾವ."

ಅಂಗಳದಲ್ಲಿ ಹನುಮಪ್ಪನ ಹೆಂಡತಿ ಪದ್ಮವ್ವ ಕೇರಿಯ ಹೆಂಗಸರ ಜೊತೆ ಕೂಲಿಗೆ ಕುಳಿತಿದ್ದಳು. ಪ್ಲಾಸ್ಟಿಕ್ ಹಲಗಿಗಳಿಗೆ ಅಂಟಿಸಿದ ಚೀನಾದ ಚೀಟಿ ಕಿತ್ತು, ಹನುಮಪ್ಪನ ಫೋಟೋ ಇರುವ ಚೀಟಿ ಹಚ್ಚುವ ಕೆಲಸ. ಕೂಲಿಗಾಗಿ ಮುಟ್ಟಿದರೆ ಅದು ಮುಟ್ಟಿದ ಲೆಕ್ಕಕ್ಕಿಲ್ಲ.

"ಇದನ್ನ ಹನುಮಪ್ಪ ತನ್ನ ಕೈಯಾರೆ ಮಾಡ್ಯಾನ ಅಂತ ಬರದಾರಂತ," ಎಂದಳು ಪದ್ಮವ್ವ, ತಲೆ ಎತ್ತದೆ. "ಗುಮಾಸ್ತ ಓದಿ ಹೇಳಿದ."

ಹನುಮಪ್ಪ ಒಂದನ್ನು ಬೆರಳಿನಿಂದ ತಟ್ಟಿದ. ಬಕೆಟ್ ತಟ್ಟಿದಂತಾಯಿತು. ಅದನ್ನು ಕೆಳಗಿಟ್ಟು ಸಾಹುಕಾರನತ್ತ ತಿರುಗಿದ.

"ಸಾವಕಾರ್ರ, ನನ್ನ ಹೆಸರ ತಗೀರಿ. ಇದನ್ನ ಬಾರಿಸಿದಂವ ನನಗಷ್ಟ ಅಲ್ರಿ, ಕೆಲಸ ಕಲಿಸಿದ ನಮ್ಮಪ್ಪಗೂ ಉಗಳ್ತಾನ."

ಸಾಹುಕಾರ ಹೊಟ್ಟೆ ಕುಣಿಯುವಂತೆ ನಕ್ಕ. "ಸೂಳಿಮಗನ, ನಿನಗೊಂದ ಹೆಸರ ಬ್ಯಾರೆ ಐತೇನ? ಊರಾಗ ಹೆಣ ಬಿದ್ದಾಗ 'ಏ ಹಲಗಿ' ಅಂತ ಒದರತಿದ್ರು. ಹನುಮಪ್ಪ ಅಂತ ಅಚ್ಚ ಹಾಕ್ಸಿದಂವ ನಾನು. ಬಾಯ್ಮುಚ್ಚಿ ಮೂಲ್ಯಾಗ ಕುಂದ್ರ. ದಿಲ್ಲಿ ಮೇಡಂ ಬರ್ತಾಳ, ಎರಡ ಏಟ ಬಾರಿಸಿ ನಡಿ."

ಮಾಲು ಕೊಳ್ಳುವ ಮೇಡಂ ಮಧ್ಯಾಹ್ನ ಬಂದಳು. ಜೊತೆಗೆ ಕ್ಯಾಮೆರಾ ಹಿಡಿದವನು. ಹನುಮಪ್ಪನಿಗೆ ಕೈ ಮುಗಿದಳು. ಸಾಹುಕಾರನ ನಾಲಿಗೆಗೆ ಬೆಲ್ಲ ಅಂಟಿಕೊಂಡಿತು.

"ಬಾರಿಸಪಾ ಹನುಮಪ್ಪ," ಎಂದು ತಾನೇ ಒಂದು ಪ್ಲಾಸ್ಟಿಕ್ ಹಲಗಿ ತಂದುಕೊಟ್ಟ.

ಹನುಮಪ್ಪ ಅದನ್ನು ತಿರುಗಿಸಿ ನೋಡಿದ. ತನ್ನ ಫೋಟೋದ ಚೀಟಿಯನ್ನು ಉಗುರಿನಿಂದ ಎಬ್ಬಿಸಿ ಕಿತ್ತು ಜೇಬಿಗಿಟ್ಟುಕೊಂಡ.

"ಕಾಸಬೇಕ್ರಿ," ಎಂದ.

ಬೆಂಕಿಗೆ ಹಿಡಿದು ಕಾಸದೆ ಯಾವ ಹಲಗಿಯೂ ನುಡಿಯುವುದಿಲ್ಲ. ಕಾವು ತಾಗಿದರೇ ಚರ್ಮ ಬಿಗಿಯುತ್ತದೆ. ಹಲಗಿ ಹಿಡಿದವರಿಗೆಲ್ಲ ಗೊತ್ತಿರುವ ಮಾತಿದು. ಗುಮಾಸ್ತ ಹಿಂದಿಯಲ್ಲಿ ತಿಳಿಸಿದಾಗ ಮೇಡಂ ಕಣ್ಣರಳಿಸಿ, ಕ್ಯಾಮೆರಾದವನನ್ನು ಮುಂದಕ್ಕೆ ಕರೆದಳು.

ಸಾಹುಕಾರ ಬೇಡವೆನ್ನಲು ಬಾಯಿ ತೆರೆದ. ಯಾಕೆ ಬೇಡವೆಂದು ಹೇಳಬೇಕಾಗುತ್ತದಲ್ಲ, ಮುಚ್ಚಿಕೊಂಡ. ಅಷ್ಟರಲ್ಲಿ ಪದ್ಮವ್ವ ಎದ್ದು, ಹರಿದ ರಟ್ಟನ್ನೆಲ್ಲ ಗುಡ್ಡೆ ಹಾಕಿ ಕಡ್ಡಿ ಗೀರಿದಳು. ಯಾರೂ ಅವಳಿಗೆ ಹೇಳಿರಲಿಲ್ಲ.

ಹನುಮಪ್ಪ ಕುಕ್ಕರಗಾಲಲ್ಲಿ ಕುಳಿತು, ಅಪ್ಪ ಕಲಿಸಿದಂತೆ, ಹಲಗಿಯನ್ನು ಉರಿಯ ಮೇಲೆ ನಿಧಾನವಾಗಿ ತಿರುಗಿಸತೊಡಗಿದ. ಪ್ಲಾಸ್ಟಿಕ್ ಮೊದಲು ಸುಕ್ಕುಗಟ್ಟಿತು. ನಡುವೆ ತೂತು ಬಿದ್ದು ತೊಟ್ಟಿಕ್ಕತೊಡಗಿತು. ಕರಿ ಹೊಗೆ ಗೋದಾಮಿನ ಬಾಗಿಲಿಗೆ ನುಗ್ಗಿತು. ಮೇಡಂ ಕೆಮ್ಮುತ್ತ ಏನೋ ಕೇಳಿದಳು. ಗುಮಾಸ್ತ ಹಿಂದೆ ಸರಿದ. ಕ್ಯಾಮೆರಾ ಮಾತ್ರ ನಿಲ್ಲಲಿಲ್ಲ.

"ಆರಸಲೇ, ನಿನ್ನೌನ!" ಸಾಹುಕಾರ ಕಿರುಚಿದ.

ಹನುಮಪ್ಪ ಕೈಯಲ್ಲಿ ಉಳಿದ ಹಲಗಿಯ ಬಳೆಯನ್ನು ಬೆಂಕಿಗೆಸೆದು, ಹೆಂಡತಿಯತ್ತ ಕೈ ಚಾಚಿದ.

"ಪದ್ಮೀ, ಇನ್ನೊಂದ ತಾ. ಇದು ಕಾವ ತಾಳಲಿಲ್ಲ."