ನಿನ್ನೆಯ ಹೆದರಿಕೆ

"ಚಿಕ್ಕಮ್ಮ, ನಿಜ ಹೇಳಿ. ಇವು ಹಳೇ ಹಿಕ್ಕೆ ತಾನೇ?"

ಜಿಂಕೆಗಳ ಸಂಶೋಧನೆ ನಡೆಸುತ್ತಿದ್ದ ಡಾಕ್ಟರಮ್ಮ ಕೇಳಿದ್ದು ಮೆಲ್ಲಗೇ. ಆದರೂ ಪ್ರಯೋಗಾಲಯದಲ್ಲಿ ಗಾಜಿನ ಸದ್ದೆಲ್ಲ ನಿಂತುಬಿಟ್ಟಿತು. ಎರಡು ವರ್ಷದಿಂದ ಬೆಳಗಾದರೆ ಗುಡ್ಡ ಹತ್ತಿ, ಜಿಂಕೆಗಳ ಹಿಂದೆ ಅಲೆದು, ಬಿಸಿ ಆರದ ಹಿಕ್ಕೆಯನ್ನು ಶೀಶೆಗೆ ತುಂಬಿ, ಐಸಿನ ಡಬ್ಬಿಯಲ್ಲಿಟ್ಟು ತಂದುಕೊಟ್ಟ ಹೆಂಗಸನ್ನು ಕೇಳುವ ಮಾತೇ ಇದು? ಅಲ್ಲಿ ಎಲ್ಲರಿಗೂ ಚಿಕ್ಕಮ್ಮನಾಗಿದ್ದ ಅವಳ ಕಿವಿ ಕೆಂಪಾಯಿತು.

ಡಾಕ್ಟರಮ್ಮನನ್ನೂ ಪೂರ್ತಿ ದೂರುವಂತಿರಲಿಲ್ಲ. ಪ್ರಾಣಿ ಹೆದರಿದರೆ ರಕ್ತದಲ್ಲಿ ಒತ್ತಡದ ಹಾರ್ಮೋನು ಏರುತ್ತದೆ. ಸೂಜಿ ಚುಚ್ಚಿ ನೋಡಹೋದರೆ ಸೂಜಿಗೇ ಹೆದರುತ್ತದೆ. ಅದಕ್ಕೇ ಹಿಕ್ಕೆ ಪರೀಕ್ಷಿಸುವುದು. ನಿನ್ನೆ ಪಟ್ಟ ಹೆದರಿಕೆಯ ಗುರುತು ಇವತ್ತಿನ ಹಿಕ್ಕೆಯಲ್ಲಿ ಸಿಗುತ್ತದೆ. ಬೇರೆಯವರು ಉಳಿದ ಮೂರು ಗುಡ್ಡಗಳಿಂದ ತಂದ ಶೀಶೆಗಳಲ್ಲಿ ಅಂಕಿ ನಲವತ್ತು, ಐವತ್ತು ಇರುತ್ತಿತ್ತು. ಚಿಕ್ಕಮ್ಮನದು ಇಪ್ಪತ್ತು ದಾಟಿದ್ದೇ ಇಲ್ಲ. ಬಿಸಿಲಿಗೆ ಬಿದ್ದಿದ್ದ ಹಳೆಯ ಹಿಕ್ಕೆಯಲ್ಲಿ ಹಾರ್ಮೋನು ಕರಗಿಹೋಗುತ್ತದೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು.

"ಹಳೇದಾದ್ರೆ ಎರಡು ವರ್ಷದ್ದೂ ಎಸೀಬೇಕಾಗತ್ತೆ," ಎಂದರು ಡಾಕ್ಟರಮ್ಮ.

"ಎಸೆಯೋಕೆ ಮುಂಚೆ ಒಂದಿನ ನನ್ಜೊತೆ ಬನ್ನಿ. ಕಣ್ಣಾರೆ ನೋಡಿ, ಆಮೇಲೆ ಎಸೀರಿ."

ಮನೆಯಲ್ಲಿ ಹೊಲಿಗೆ ಮಷೀನಿನಿಂದ ತಲೆ ಎತ್ತದೆ ಗಂಡ ನಕ್ಕ. "ಹಿಕ್ಕೆ ಹೆಕ್ಕೋದ್ರಲ್ಲೂ ಪಾಸು ಫೇಲು ಉಂಟಾ?"

ಅವಳು ನಗಲಿಲ್ಲ. "ಇಷ್ಟು ವಯಸ್ಸಿಗೆ ಯಾರ ಹತ್ರಾನೂ ಸುಳ್ಳುಗಾತಿ ಅನ್ನಿಸ್ಕೊಂಡಿಲ್ಲ ನಾನು," ಎಂದಳು. ಮಷೀನು ನಿಂತಿತು. ಆಮೇಲೆ ಅವನು ತಮಾಷೆ ಮಾಡಲಿಲ್ಲ.

ಗುರುವಾರ ಡಾಕ್ಟರಮ್ಮ ಹೊಸ ಹಸಿರು ಜಾಕೀಟು ತೊಟ್ಟು ಬಂದರು. ಪುಸ್ತಕದಲ್ಲಿ ಓದಿದಂತೆ ಬಗ್ಗಿ, ಮರದಿಂದ ಮರಕ್ಕೆ ಅಡಗಿ, ಉಸಿರು ಬಿಗಿಹಿಡಿದು ಹತ್ತಿದರು. ಚಿಕ್ಕಮ್ಮ ಮಾತ್ರ ಎಂದಿನ ಬೂದು ಸ್ವೆಟರಿನಲ್ಲಿ ಬಯಲು ದಾರಿಯಲ್ಲೇ ನಡೆದಳು. ತಿರುವಿನಲ್ಲಿ ಒಮ್ಮೆ ಕೆಮ್ಮಿದಳು.

"ಶ್! ಸದ್ದು ಮಾಡ್ಬೇಡಿ!"

"ಸದ್ದು ಮಾಡ್ದೆ ಬರೋದು ಚಿರತೆ, ಡಾಕ್ಟ್ರೇ," ಎಂದಳು ಚಿಕ್ಕಮ್ಮ. "ನಾನು ಬಂದೆ ಅಂತ ಹೇಳ್ಕೊಂಡೇ ಬರ್ತೀನಿ."

ಡಾಕ್ಟರಮ್ಮ ಪೊದೆಯಿಂದ ತಲೆ ಎತ್ತಿದ್ದೇ ತಡ, ಇಡೀ ಹಿಂಡು ದಿಕ್ಕಾಪಾಲಾಗಿ ಓಡಿತು. ಹುಲ್ಲಿನ ಮೇಲೆ ಹಿಕ್ಕೆ ಒದ್ದೆಯಾಗಿ ಮಿನುಗುತ್ತಿತ್ತು. ಚಿಕ್ಕಮ್ಮ ಅದನ್ನು ಅವರ ಕೈಗವಸಿನ ಮೇಲೆ ಇಟ್ಟಳು. ಬಿಸಿ ಇತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಡಾಕ್ಟರಮ್ಮ ತಾವೇ ಶೀಶೆಯ ಮುಚ್ಚಳ ತಿರುಗಿಸಿದರು. ಆ ಶೀಶೆಯ ಅಂಕಿಯೂ ಹದಿನೆಂಟೇ ಬಂತು.

ಮರುದಿನ ಚಿಕ್ಕಮ್ಮ ಎಂದಿನಂತೆ ಒಬ್ಬಳೇ ಹೋಗಿ ತಂದ ಶೀಶೆಯದು ಐವತ್ತೆರಡು.

"ಎರಡು ವರ್ಷದಲ್ಲಿ ಹೀಗಾಗಿಲ್ಲ!" ಡಾಕ್ಟರಮ್ಮ ಕಾಗದ ಹಿಡಿದು ಅವಳ ಬಳಿಗೇ ಬಂದರು. "ಅವತ್ತು ಏನಾಯ್ತು ಅಲ್ಲಿ?"

"ಯಾವ ದಿನದ್ದು ಇದು?"

"ಶುಕ್ರವಾರದ್ದು."

"ಅಂದ್ರೆ ಗುರುವಾರದ ಹೆದರಿಕೆ," ಎಂದಳು ಚಿಕ್ಕಮ್ಮ. "ಗುರುವಾರ ಯಾರು ಬಂದಿದ್ರು, ನೀವೇ ಹೇಳಿ."

ಡಾಕ್ಟರಮ್ಮ ಗೂಟಕ್ಕೆ ತೂಗುಹಾಕಿದ್ದ ಹಸಿರು ಜಾಕೀಟಿನ ಕಡೆ ನೋಡಿದರು. ಆಮೇಲೆ ಪಕ್ಕದ ಸ್ಟೂಲಿನ ಮೇಲೆ ಕೂತೇಬಿಟ್ಟರು.

"ಹಾಗಾದ್ರೆ ಉಳಿದ ಗುಡ್ಡದ ನಲವತ್ತು, ಐವತ್ತು... ಅಲ್ಲಿ ನಮ್ಮವರು ದಿನಾ ನನ್ಹಾಗೇ ಅಡಗ್ಕೊಂಡು ಹೋಗ್ತಾರೆ. ಅದೆಲ್ಲ ನಮ್ಮವರನ್ನೇ ನೋಡಿ ಹೆದರಿದ್ದು. ನಾವು ಅಳೀತಾ ಇದ್ದಿದ್ದು ನಮ್ಮನ್ನೇ." ಕೈಯಲ್ಲಿದ್ದ ಕಾಗದ ಮಡಿಚಿಟ್ಟು, "ನಿಮ್ಮದು ಹಳೇದಲ್ಲ, ಚಿಕ್ಕಮ್ಮ. ನಿಮ್ಮದೊಂದೇ ಸರಿ. ನಿಮ್ಮನ್ನ ಕಂಡ್ರೆ ಅವಕ್ಕೆ ಹೆದರಿಕೇನೇ ಇಲ್ಲ. ತಪ್ಪಾಯ್ತು," ಎಂದರು.

ಚಿಕ್ಕಮ್ಮನ ಎದೆ ಉಬ್ಬಿತು. ಮುಚ್ಚಿಡಬೇಕೆಂದು ಅವಳಿಗೆ ಅನಿಸಲೂ ಇಲ್ಲ. ಮನೆಗೆ ಹೋಗಿ ಗಂಡನಿಗೆ ಅದನ್ನು ಮೂರು ಸಲ ಹೇಳಿದಳು. ಮೂರನೆಯ ಸಲವೂ ಅವನು ಹೊಸದಾಗಿ ಕೇಳುವವನಂತೆ ಕೇಳಿದ.

ಸೋಮವಾರ ಗುಡ್ಡದ ಬುಡದಲ್ಲಿ ಡಾಕ್ಟರಮ್ಮ ಕಾಯುತ್ತಿದ್ದರು. ಜಾಕೀಟು ಇರಲಿಲ್ಲ, ಯಾರದೋ ಹಳೆಯ ಸ್ವೆಟರು ತೊಟ್ಟಿದ್ದರು. ಇಬ್ಬರೂ ಬಯಲು ದಾರಿಯಲ್ಲೇ ಹತ್ತಿದರು. ತಿರುವು ಬಂದಾಗ ಚಿಕ್ಕಮ್ಮ ನಿಂತಳು.

"ಇವತ್ತು ನೀವು ಕೆಮ್ಮಿ."

ಡಾಕ್ಟರಮ್ಮ ನಾಚಿಕೊಂಡು, ಗಂಟಲು ಸರಿಮಾಡಿಕೊಂಡು ಕೆಮ್ಮಿದರು. ಮೇಲೆ ಹುಲ್ಲಿನ ನಡುವೆ ಕಿವಿ ಹರಿದ ಮುದಿ ಜಿಂಕೆಯೊಂದು ತಲೆ ಎತ್ತಿತು. ಮೊದಲು ಡಾಕ್ಟರಮ್ಮನನ್ನು ನೋಡಿತು, ಆಮೇಲೆ ಚಿಕ್ಕಮ್ಮನನ್ನು. ಮತ್ತೆ ತಲೆ ತಗ್ಗಿಸಿ ಮೇಯತೊಡಗಿತು.