ಎಡಗಡೆ ದೀಪದ ಹಿಂದೆ

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದ ಕಾರು ಅಂಗಳದ ಶೆಡ್ಡಿನೊಳಗೆ ನಿಂತ ಮೇಲೂ ಬಾನೆಟ್ಟಿನ ಸಂದಿಯಿಂದ ಹೊಗೆ ಎಳೆ ಎಳೆಯಾಗಿ ಏಳುತ್ತಲೇ ಇತ್ತು. ಗಾಡಿಯಮ್ಮ ಸ್ಟೇರಿಂಗ್ ಹಿಡಿದೇ ಕೂತಿದ್ದಳು. ಇಳಿದರೆ ಮಾತು ಶುರುವಾಗುತ್ತದೆಂದು ಅವಳಿಗೆ ಗೊತ್ತಿತ್ತು. ದಾರಿಯಲ್ಲಿ ಚಹಾದಂಗಡಿಯವನು ಆಗಲೇ ಒಂದು ಕೈ ನೋಡಿಕೊಂಡಿದ್ದ: "ಏನು ಗಾಡಿಯಮ್ಮ, ಬೆಳಗ್ಗೆ ಬೆಳಗ್ಗೇನೇ ನಿನ್ ಕಾರು ಎಣ್ಣೆ ಹಾಕ್ಕೊಂಡು ಬಿದ್ದಂಗಿದೆ!" ಬೆಂಚಿನ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಊರಿಗೆ ಊರೇ ಅವಳನ್ನು ಗಾಡಿಯಮ್ಮ ಎಂದು ಕರೆಯತೊಡಗಿ ಬಹಳ ಕಾಲವಾಗಿತ್ತು. ಗಂಡ ಇದ್ದಾಗ, "ನಿನ್ನ ಕೈಗೆ ಸೌಟೇ ಸರಿ, ಗೇರು ನನಗಿರಲಿ" ಎನ್ನುತ್ತಿದ್ದ. ಅವನು ಹೋದ ಮೇಲೆ ಮನೆಯ ಹಿಂದಿನ ಸಸಿ ತೋಟ ಅವಳ ಪಾಲಿಗೆ ಬಿತ್ತು. ಟೊಮೆಟೊ, ಬದನೆ, ಮೆಣಸಿನಕಾಯಿ ಸಸಿಗಳನ್ನು ತಟ್ಟೆ ತಟ್ಟೆಯಾಗಿ ಸಂತೆಗೆ ಸಾಗಿಸಬೇಕು. ವಾರ ವಾರ ಯಾರ ಕಾಲು ಹಿಡಿಯುವುದು? ಅರ್ಧ ತಲೆ ಬೆಳ್ಳಗಾದ ಮೇಲೆ ಗೇರು ಕಲಿತಳು. ಕಲಿಯುವಾಗ ಬೇಲಿಗೆ ಗುದ್ದಿದಳು, ಗೊಬ್ಬರದ ಗುಂಡಿಗೆ ಚಕ್ರ ಇಳಿಸಿದಳು, ನೆರೆಮನೆಯವರ ಕೋಳಿಗಳಿಗೆಲ್ಲ ಹಾರುವುದನ್ನು ಕಲಿಸಿದಳು. ಆದರೆ ಕಲಿತಳು.

ಮಗ ಪೇಟೆಯ ಗೊಬ್ಬರದಂಗಡಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದವನು, ಹಾಗೆಯೇ ಓಡಿ ಬಂದು ಬಾನೆಟ್ಟು ಎತ್ತಿದ. ಒಳಗೆ ಎಲ್ಲಿ ನೋಡಿದರೂ ಎಣ್ಣೆ. ಎಂಜಿನ್ನಿನ ನೆತ್ತಿ, ವೈರುಗಳು, ಬೆಲ್ಟು, ಬಾನೆಟ್ಟಿನ ಒಳಮೈ, ಎಲ್ಲವೂ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತ ಹಾಗೆ ಮಿರುಗುತ್ತಿದ್ದವು. ಬಿಸಿ ಕೊಳವೆಯ ಮೇಲೆ ಬಿದ್ದದ್ದು ಚುರ್ ಎನ್ನುತ್ತಿತ್ತು. ಎಣ್ಣೆ ಹೊಯ್ಯುವ ಬಾಯಿ ಬಾಯಿಬಿಟ್ಟುಕೊಂಡೇ ಇತ್ತು.

"ಮುಚ್ಚಳ ಎಲ್ಲಮ್ಮ?"

ಗಾಡಿಯಮ್ಮ ಏಪ್ರನ್ನಿನ ಜೇಬಿಗೆ ಕೈ ಹಾಕಿದಳು. ಯಾವ ಮುಚ್ಚಳ ಬಿಚ್ಚಿದರೂ ಅವಳು ಅದನ್ನು ಹಾಕುವುದು ಅಲ್ಲಿಗೇ. ನೀರಿನ ಡಬ್ಬಿಯದಾಗಲಿ, ಔಷಧಿ ಬಾಟಲಿಯದಾಗಲಿ. ಜೇಬಿನಲ್ಲಿ ನಾಲ್ಕು ಬೀಜ, ಒಂದು ತುಂಡು ದಾರ, ಅಷ್ಟೇ.

"ನಿನ್ನೆ ಭಾನುವಾರ ಸಂಜೆ ನಾನೇ ಆಯಿಲ್ ಹಾಕಿದ್ದೆ, ಮುಚ್ಚಿಯೂ ಇದ್ದೆ. ಬೆಳಗ್ಗೆ ನೀರು ಹಾಕೋಕೆ ಬಾನೆಟ್ ಎತ್ತಿದ್ದು ನೀನೇ ತಾನೆ?"

"ಎತ್ತಿದ್ದೆ."

"ಅದನ್ನೂ ಬಿಚ್ಚಿ ನೋಡಿರ್ತೀಯ. ಮರೆತುಬಿಟ್ಟಿದೀಯ."

ಬಿಚ್ಚಿದ್ದೆನೇ? ಶೆಡ್ಡಿನಲ್ಲಿ ಇನ್ನೂ ಕತ್ತಲಿತ್ತು, ಕನ್ನಡಕ ಕಿಟಕಿಯ ಮೇಲೆಯೇ ಉಳಿದಿತ್ತು. ನೀರು ಹೊಯ್ದದ್ದು ನೆನಪಿದೆ, ಬಾನೆಟ್ಟು ಬಡಿದದ್ದು ನೆನಪಿದೆ. ನಡುವೆ ಏನಿತ್ತೋ. ನೆನಪನ್ನು ಎಷ್ಟು ಜಗ್ಗಿದರೂ ಖಾಲಿ ಹಗ್ಗವೇ ಕೈಗೆ ಬಂತು. ಹಾಳಾದ ಗಾಡಿಯನ್ನು ಗ್ಯಾರೇಜಿನ ಮೇಸ್ತ್ರಿ ಸರಿಮಾಡಿಯಾನು, ತಲೆಯನ್ನು ಯಾವ ಮೇಸ್ತ್ರಿಯ ಹತ್ತಿರ ಒಯ್ಯುವುದು?

ಮಗ ಕಾರಿನ ಕೀ ಎಳೆದು ತನ್ನ ಜೇಬಿಗೆ ಹಾಕಿಕೊಂಡ. "ಇವತ್ತು ಹೊಗೆ ಬಂತು. ನಾಳೆ ಬೆಂಕಿ ಬಂದ್ರೆ? ಸಾಕಮ್ಮ ಓಡ್ಸಿದ್ದು. ಮೇಸ್ತ್ರಿಗೆ ಹೇಳ್ತೀನಿ, ಎಳ್ಕೊಂಡು ಹೋಗಿ ಸರಿ ಮಾಡ್ಲಿ. ಆಮೇಲೆ ಮಾರಿಬಿಡೋಣ."

"ನಾಳೆ ಸಂತೆ. ಸಸಿ?"

"ನನಗೆ ಬಿಡುವಾದಾಗ ಬೈಕಲ್ಲಿ ಒಂದೆರಡು ತಟ್ಟೆ ಇಟ್ಕೊಂಡು ಹೋಗ್ತೀನಿ."

"ನಿನಗೆ ಬಿಡುವಾಗೋ ಹೊತ್ತಿಗೆ ಸಸಿ ಹೂ ಬಿಟ್ಟಿರುತ್ತೆ."

ಮಗ ನಗಲಿಲ್ಲ. ಬೈಕು ಹತ್ತಿ ಹೋದ.

ಸೊಸೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಅತ್ತೆ, ಒಳಗೆ ಬನ್ನಿ, ಒಂದು ಲೋಟ ನೀರಾದ್ರೂ ಕುಡೀರಿ."

"ನೀರು ಆಮೇಲೆ. ಹಳೇ ಬಟ್ಟೆ ಎಷ್ಟಿದೆ ಮನೇಲಿ?"

"ಯಾಕೆ?"

"ಮೇಸ್ತ್ರಿ ಬಂದು ನನ್ನ ಹೊಲಸು ನೋಡೋದು ಬೇಡ. ನನ್ನ ಗಾಡಿ, ನಾನೇ ಒರೆಸ್ತೀನಿ."

ಎಂಜಿನ್ನು ತಣ್ಣಗಾಗುವವರೆಗೆ ಅವಳು ಮುಟ್ಟಲಿಲ್ಲ. ಶೆಡ್ಡಿನ ನೆಲಕ್ಕೆ ಮರದ ಹೊಟ್ಟು ಚೆಲ್ಲಿ, ತೊಟ್ಟಿಕ್ಕುವ ಎಣ್ಣೆ ಹೀರಲು ಬಿಟ್ಟಳು. ಆಮೇಲೆ ಬ್ಯಾಟರಿಯ ಒಂದು ವೈರು ಬಿಚ್ಚಿದಳು. ಬ್ಯಾಟರಿಗೆ, ಡೈನಮೋಗೆ, ಗಾಳಿ ಎಳೆಯುವ ಡಬ್ಬಿಗೆ ಸಸಿ ಮುಚ್ಚುವ ಪ್ಲಾಸ್ಟಿಕ್ಕು ಸುತ್ತಿ ದಾರ ಬಿಗಿದಳು. ಕುಳ್ಳಿಯಾದ್ದರಿಂದ ಬಲಗಡೆ ಚಕ್ರದ ಪಕ್ಕ ಒಂದು ಇಟ್ಟಿಗೆ ಹಾಕಿ ಅದರ ಮೇಲೆ ನಿಂತಳು. ಅದು ಅವಳ ಖಾಯಂ ಜಾಗ. ಇಟ್ಟಿಗೆಯೂ ಖಾಯಂ.

ಸೊಸೆ ಉತ್ಸಾಹದಿಂದ ಪೈಪು ಹಿಡಿದು ಬಂದಳು. "ನೀರು ಬಿಡ್ಲಾ ಅತ್ತೆ?"

"ಹಸುವಿನ ಮೈ ತೊಳೆಯೋದಲ್ಲ ಕಣೇ ಇದು! ವೈರೊಳಗೆ ನೀರು ಹೊಕ್ರೆ ನಿನ್ ಗಂಡನ ಮಾತೇ ನಿಜ ಆಗುತ್ತೆ. ಬಿಸಿನೀರಿಗೆ ಸೋಪಿನ ಪುಡಿ ಕಲೆಸ್ಕೊಂಡು ಬಾ. ಹಳೇ ಹಲ್ಲುಜ್ಜೋ ಬ್ರಶ್ಶೂ ತಾ."

"ಹಳೇದು ಇಲ್ಲ. ಅವರದೇ ಇದೆ."

"ಅದೇ ತಾ. ಸಂಜೆಗೆ ಹೊಸದು ತಂದ್ಕೋತಾನೆ."

ಮೊದಲು ಒಣಬಟ್ಟೆಯಲ್ಲಿ ಎಣ್ಣೆ ಹೀರಿಸಿದಳು. ಒಂದು ಬಟ್ಟೆ ನೆನೆದರೆ ಇನ್ನೊಂದು. ಧೂಳು ಎಣ್ಣೆ ಕಲೆತು ಹಳೇ ಬೆಲ್ಲದಂತೆ ಅಂಟಿದ್ದನ್ನು ಕಡ್ಡಿಯಿಂದ ಕೆರೆದಳು. ಆಮೇಲೆ ಸೋಪಿನ ನೀರು, ಬ್ರಶ್ಶು, ಒದ್ದೆ ಬಟ್ಟೆ, ಮತ್ತೆ ಒಣಬಟ್ಟೆ. ಬೆಲ್ಟನ್ನು ಮಗುವಿನ ಬೆರಳಿನಂತೆ ಸಂದಿ ಸಂದಿಯಾಗಿ ಒರೆಸಿದಳು. ಹೊಗೆ ಹೋಗುವ ಬಿಸಿ ಕೊಳವೆಯನ್ನಂತೂ ಬಿಡಲೇ ಇಲ್ಲ. ಬೆಂಕಿ ಬರುವುದಿದ್ದರೆ ಅಲ್ಲಿಂದಲೇ ಎಂದು ಅವಳಿಗೆ ಗೊತ್ತಿತ್ತು. ಸೊಂಟ ಹಿಡಿದುಕೊಂಡಾಗ ಇಟ್ಟಿಗೆಯಿಂದ ಇಳಿದು ಎರಡು ಹೆಜ್ಜೆ ಹಾಕುವಳು, ಮತ್ತೆ ಹತ್ತುವಳು. ಕೈ ದುಡಿಯುತ್ತಿದ್ದ ಹಾಗೆ ಬೆಳಗಿನ ಭಯ ಕರಗಿ, ಅದರ ಜಾಗಕ್ಕೆ ಬೇರೆಯೇ ಒಂದು ಕಾವು ಬಂದು ಕೂತಿತು. ಮರೆತೆ ಅಂತಲೇ ಇಟ್ಟುಕೊಳ್ಳೋಣ. ಮರೆತವಳು ಒರೆಸುತ್ತಿಲ್ಲವೇ?

ಎಡಗಡೆ ಮೂಲೆಗೆ ಇಟ್ಟಿಗೆಯಿಂದ ಕೈ ಎಟುಕಲಿಲ್ಲ. ಇಟ್ಟಿಗೆಯನ್ನು ಆ ಕಡೆಗೆ ಒಯ್ದು ಹತ್ತಿ, ದೀಪದ ಹಿಂದಿನ ಪೊಟರೆಗೆ ಬಟ್ಟೆ ತೂರಿಸಿದಾಗ ಅಲ್ಲಿ ಮೊದಲೇ ಒಂದು ಬಟ್ಟೆ ಇತ್ತು. ಮಗನ ಹರಿದ ಚೌಕುಳಿ ಅಂಗಿಯ ತುಂಡು. ಎಳೆದಳು. ಮಡಿಕೆಯೊಳಗೆ, ತೊಟ್ಟಿಲಲ್ಲಿ ಮಲಗಿದಂತೆ, ಎಣ್ಣೆಯ ಮುಚ್ಚಳ.

ಗಾಡಿಯಮ್ಮ ಇಟ್ಟಿಗೆಯ ಮೇಲೆಯೇ ಕುಕ್ಕರಿಸಿದಳು. ಬಲಗಡೆ ನಿಂತು ಅವಳ ಕೈ ಇಲ್ಲಿಗೆ ಬರುವ ಮಾತೇ ಇಲ್ಲ. ಇಲ್ಲಿಡುವುದಕ್ಕೆ ಎತ್ತರದ ಆಳು ಬೇಕು, ಎಡಗೈ ಬೇಕು. ಮನೆಯಲ್ಲಿ ಎಡಗೈಯಲ್ಲಿ ಉಣ್ಣಲು ಹೋಗಿ ಚಿಕ್ಕಂದಿನಲ್ಲಿ ಅಪ್ಪನಿಂದ ಪೆಟ್ಟು ತಿಂದವನು ಒಬ್ಬನೇ.

ಸೊಸೆಗೆ ಅಷ್ಟು ಸಾಕಾಯಿತು. "ಅಯ್ಯೋ! ಭಾನುವಾರ ಆಯಿಲ್ ಹಾಕ್ತಾ ಹಾಕ್ತಾ ಫೋನ್ ಬಂತು ಅಂತ ಬೇಲಿ ಹತ್ರ ಹೋಗಿದ್ರು! ಬರ್ಲಿ ಇವತ್ತು. ಮುಚ್ಚಳ ಮುಖದ ಮುಂದೆ ಹಿಡೀರಿ ಅತ್ತೆ!"

"ಹಿಡಿಯಲ್ಲ. ನೀನೂ ಬಾಯಿಬಿಡಬೇಡ."

"ಯಾಕೆ? ತಪ್ಪು ನಿಮ್ದಲ್ವಲ್ಲ!"

"ಮುಚ್ಚಳ ಇಲ್ದಿದ್ದು ನನ್ನ ಕಣ್ಣಿಗೂ ಬೀಳಲಿಲ್ಲ, ಅಷ್ಟು ನಂದು. ಅದಿರ್ಲಿ. ಈಗ ಇದನ್ನ ತೋರ್ಸಿದ್ರೆ ಏನಾಗುತ್ತೆ? ಈ ಸಲ ಮರೆತಿದ್ದು ನಾನಲ್ಲ ಅಂತಾಗುತ್ತೆ, ಕೀ ಬರುತ್ತೆ. ಮುಂದೊಂದು ದಿನ ನಿಜವಾಗ್ಲೂ ನಾನೇ ಮರೀತೀನಿ ಕಣಮ್ಮ. ಆಗ ಏನು ತೋರಿಸ್ಲಿ?"

ಗಾಡಿಯಮ್ಮ ಮುಚ್ಚಳ ತೊಳೆದು, ಒರೆಸಿ, ಅದರ ಜಾಗದಲ್ಲಿ ಬಿಗಿಯಾಗಿ ತಿರುಗಿಸಿದಳು. ಸಸಿ ಮನೆಯ ಫ್ಯಾನು ತಂದು ಎಂಜಿನ್ನಿನ ಕಡೆ ಮುಖಮಾಡಿ ಇಟ್ಟಳು.

ಮಗ ಬಂದಾಗ ಬಿಸಿಲು ಇಳಿದಿತ್ತು. ಸುತ್ತಿದ್ದ ಪ್ಲಾಸ್ಟಿಕ್ಕು ಬಿಚ್ಚಿಯಾಗಿತ್ತು, ಬ್ಯಾಟರಿ ವೈರು ಮತ್ತೆ ಜಾಗಕ್ಕೆ ಕೂತಿತ್ತು, ಡಬ್ಬಿಯಲ್ಲಿ ಉಳಿದಿದ್ದ ಎಣ್ಣೆಯನ್ನು ಹೊಯ್ದು, ಕಡ್ಡಿ ಅದ್ದಿ, ಮಟ್ಟ ನೋಡಿಯಾಗಿತ್ತು. ಗಾಡಿಯಮ್ಮ ಕೈ ಚಾಚಿದಳು.

"ಕೀ ಕೊಡು."

"ಅಮ್ಮ, ಬೆಳಗ್ಗೆ ಏನು ಮಾತಾಡಿದ್ವಿ?"

"ನೀನು ಮಾತಾಡಿದೆ, ನಾನು ಕೇಳಿಸ್ಕೊಂಡೆ. ಈಗ ನಾನು ಮಾತಾಡ್ತೀನಿ, ನೀನು ಕೇಳಿಸ್ಕೋ. ಮರೆತಿದ್ದು ನಾನೇ ಅಂತಿಟ್ಕೋ. ನೀನು ಶಾಲೆಗೆ ಹೋಗ್ತಿದ್ದಾಗ ಒಂದಿನ ಸಸಿ ನೀರು ಅಂತ ನಿನ್ನನ್ನ ಕರ್ಕೊಂಡು ಬರೋದನ್ನೇ ಮರೆತಿದ್ದೆ. ಕತ್ತಲಾಗೋವರೆಗೂ ನೀನು ಗೇಟಲ್ಲಿ ಅಳ್ತಾ ಕೂತಿದ್ದೆ. ಆವತ್ತು ಯಾರಾದ್ರೂ ನಿನ್ನನ್ನ ನನ್ನಿಂದ ಕಿತ್ಕೊಂಡ್ರಾ?"

ಮಗ ಚಪ್ಪಲಿಯ ತುದಿಯಿಂದ ನೆಲದ ಹೊಟ್ಟನ್ನು ಕೆದಕಿದ.

"ನಾನೇ ಓಡಿ ಬಂದು ನಿನ್ನನ್ನ ಎತ್ಕೊಂಡು ಹೋದೆ. ಮರೆತವರು ಮಾಡಬೇಕಾದ್ದು ಅದು. ಇಲ್ಲೂ ಅದನ್ನೇ ಮಾಡಿದೀನಿ. ಬಾ, ನೋಡು."

ಮಗ ಬಗ್ಗಿ ನೋಡಿದ. ಬೆರಳಿಂದ ಎಂಜಿನ್ನಿನ ಮೈ ಒತ್ತಿ, ಬೆರಳು ತಿರುಗಿಸಿ ನೋಡಿದ. ಒಣಗಿತ್ತು.

"ಮುಚ್ಚಳ ಎಲ್ಲಿ ಸಿಕ್ತು?"

"ಎಡಗಡೆ ದೀಪದ ಹಿಂದೆ. ಬಟ್ಟೆ ಮೇಲೆ."

ಅವನ ಎಡಗೈ ತಾನಾಗಿಯೇ ಆ ಕಡೆಗೆ ಹೋಗಿ, ಪೊಟರೆಯ ಬಾಯಲ್ಲಿ ತಡೆದು ನಿಂತಿತು. ಬಾವಿಯ ತಳದಲ್ಲಿ ನೀರು ಊರುವ ಹಾಗೆ ಅವನ ಮುಖದಲ್ಲಿ ಭಾನುವಾರ ಸಂಜೆ ಮೆಲ್ಲಗೆ ಊರುವುದನ್ನು ಗಾಡಿಯಮ್ಮ ನೋಡಿದಳು. ಸೊಸೆ ಕೆಮ್ಮಿದಳು.

"ಅಮ್ಮ... ಭಾನುವಾರ ನನಗೆ ಒಂದು ಫೋನ್..."

"ಫೋನ್ ಬರ್ಲಿ, ಬಿರುಗಾಳಿ ಬರ್ಲಿ. ನಾನು ಅದನ್ನ ಕೇಳಲಿಲ್ಲ. ಕೀ ಕೇಳ್ದೆ."

ಮಗ ಜೇಬಿಗೆ ಕೈ ಹಾಕಿದ.

ಗಾಡಿ ಒಂದು ಸಲ ಕೆಮ್ಮಿ ಎದ್ದಿತು. ಕೊಳವೆಯಿಂದ ತೆಳ್ಳಗೆ ಹೊಗೆ ಎದ್ದಾಗ ಮಗ ಹೌಹಾರಿದ. "ಮೂಲೇಲಿ ಉಳಿದಿದ್ದ ತೇವ ಸುಡ್ತಿದೆ, ಸುಡ್ಲಿ," ಎಂದಳು ಗಾಡಿಯಮ್ಮ. ಬಾನೆಟ್ಟು ತೆರೆದೇ ಇಟ್ಟು ಕಾದರು. ಹೊಗೆ ನಿಂತಿತು. ಕೆಳಗೆ ಹಾಸಿದ್ದ ಹಳೇ ಪೇಪರಿನ ಮೇಲೆ ಒಂದು ತೊಟ್ಟೂ ಬೀಳಲಿಲ್ಲ.

ಮರುದಿನ ಸಸಿ ತುಂಬುವಾಗ ಮಗ ಬೈಕು ಬಿಟ್ಟು ಕಾರಿನ ಹತ್ತಿರ ಸುಳಿದಾಡಿದ. "ಇವತ್ತೊಂದಿನ ನಾನೂ ಜೊತೆಗೆ ಬರ್ಲಾ?"

"ಬಾ. ಮುಂದೆ ಮೆಣಸಿನ ಸಸಿ ಕೂತಿದೆ, ಹಿಂದೆ ಹತ್ತು. ಬದನೆ ತಟ್ಟೆ ತೊಡೆ ಮೇಲಿಟ್ಕೋ. ಅಲ್ಲಾಡಿಸ್ಬೇಡ."

ಚಹಾದಂಗಡಿ ಬಂದಾಗ ಬೆಂಚಿನ ಮೇಲೆ ಅದೇ ಜನ. ಗಾಡಿಯಮ್ಮ ಬೇಕೆಂದೇ ಬ್ರೇಕು ಒತ್ತಿದಳು.

"ಏನಪ್ಪಾ, ನನ್ ಗಾಡಿಗೆ ಅಮಲು ಇಳಿದಿದೆ. ನಿಮ್ದು?"

ಉತ್ತರಕ್ಕೆ ಕಾಯದೆ ಗೇರು ಬದಲಿಸಿದಳು. ಹಿಂದಿನ ಸೀಟಿನಲ್ಲಿ ಮಗ ಬದನೆ ಸಸಿಗಳ ನಡುವಿನಿಂದ ಕುತ್ತಿಗೆ ಚಾಚಿ, ಎಡಗೈಯಿಂದ ತಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.